ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿದರೆ ನೆಟ್ ವೇಗ ಹೆಚ್ಚುತ್ತದೆಯೇ?

ತುಮಕೂರು ತಾಲ್ಲೂಕಿನ ಬೆಳ್ಳಾವಿಯಿಂದ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದರು. ಅದರ ಕೆಳಗೆ ಅವರದೇ ಎರಡು ಸಾಲು: "ಇದನ್ನ ನಂಬ್ಕೊಂಡು ಮಾಡ್ದೆ ಸಾರ್. ಈಗ ನೆಟ್ಟೇ ಇಲ್ಲ, ಏನ್ಮಾಡ್ಲಿ?"

ಫಾರ್ವರ್ಡ್‌ನಲ್ಲಿದ್ದದ್ದು ನಿಮಗೂ ಬಂದಿರಬಹುದಾದ ಮಾತೇ. ವೈ-ಫೈ ರೌಟರ್ ಹಿಂದೆ ಒಂದು ಸಣ್ಣ ತೂತಿದೆ, ಅದನ್ನು ಕಂಪನಿಯವರು ಯಾರಿಗೂ ಹೇಳುವುದಿಲ್ಲ, ತಿಂಗಳಿಗೊಮ್ಮೆ ಅದರೊಳಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿದರೆ ಒಳಗಿನ ವೈರಸ್ ಎಲ್ಲ ಹೋಗಿ ನೆಟ್ ಎರಡು ಪಟ್ಟು ವೇಗವಾಗುತ್ತದೆ, ಎಲ್ಲರಿಗೂ ತಿಳಿಸಿ. ನಮ್ಮ ಓದುಗರದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲವೂ ಅಲ್ಲೇ. ನೆಟ್ ನಿಧಾನ ಎಂದು ಪಿನ್ ಚುಚ್ಚಿದರು. ಎಲ್ಲ ದೀಪವೂ ಒಮ್ಮೆ ಆರಿ ಮತ್ತೆ ಹತ್ತಿದವು. ವೈ-ಫೈ ಹೆಸರೇ ಬದಲಾಗಿಹೋಗಿತ್ತು. ಫೋನಿನಲ್ಲಿ ಸಿಗ್ನಲ್ ಕಡ್ಡಿ ತುಂಬಿದ್ದರೂ ಒಂದು ಪುಟವೂ ತೆರೆಯಲಿಲ್ಲ. ಕನೆಕ್ಷನ್ ಹಾಕಿಕೊಟ್ಟಿದ್ದ ಹುಡುಗ ಬರುವುದಕ್ಕೆ ಮೂರು ದಿನ ಹಿಡಿಯಿತು, ಅಷ್ಟರಲ್ಲಿ ಒಂದು ಅರ್ಜಿಯ ಕೊನೆಯ ದಿನವೂ ಕಳೆದಿತ್ತು.

ಬೆಳ್ಳಾವಿ ಎಂದರೆ ನಮ್ಮಂತೆ ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಸ್ವಲ್ಪ ಹೆಚ್ಚಿನ ಅಕ್ಕರೆ. ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದು, 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಇದೇ ಊರಿನವರು. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯೋಣ ಎನಿಸಿತು.

ಚುಟುಕು ಉತ್ತರ ಬೇಕಿದ್ದವರಿಗೆ: ಇಲ್ಲ, ವೇಗ ಹೆಚ್ಚುವುದಿಲ್ಲ. ಆ ತೂತು ಗುಟ್ಟಿನದೂ ಅಲ್ಲ, ರೌಟರ್ ಜೊತೆ ಬರುವ ಪುಸ್ತಿಕೆಯಲ್ಲೇ ಅದರ ವಿಷಯ ಬರೆದಿರುತ್ತದೆ. ಅದು ರೌಟರ್‌ನ ನೆನಪು ಅಳಿಸುವ ಗುಂಡಿ.

ರೌಟರ್ ಏನನ್ನು ನೆನಪಿಟ್ಟುಕೊಂಡಿರುತ್ತದೆ?

ರೌಟರ್ ಎಂದರೆ ಪರದೆ, ಕೀಲಿಮಣೆ ಇಲ್ಲದ ಒಂದು ಸಣ್ಣ ಕಂಪ್ಯೂಟರ್. ಒಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಹೆಚ್ಚಿನವುಗಳಲ್ಲಿ ಲಿನಕ್ಸ್ ಓಡುತ್ತಿರುತ್ತದೆ. ಅಂಗಡಿಯಿಂದ ತಂದ ದಿನ ಅದಕ್ಕೆ ನಿಮ್ಮ ಊರು ಗೊತ್ತಿಲ್ಲ, ನೆಟ್ ಕಂಪನಿ ಗೊತ್ತಿಲ್ಲ. ಕನೆಕ್ಷನ್ ಹಾಕುವ ಹುಡುಗ ಬಂದು ಲ್ಯಾಪ್‌ಟಾಪ್ ಅಥವಾ ಫೋನ್ ಜೋಡಿಸಿ ಐದು ನಿಮಿಷ ಏನೋ ಒತ್ತುತ್ತಾನಲ್ಲ, ಆಗ ಅದಕ್ಕೆ ಪಾಠ ಹೇಳಿಕೊಡುತ್ತಿರುತ್ತಾನೆ. ಹೀಗೆ ಹೇಳಿಕೊಟ್ಟದ್ದೆಲ್ಲ ಸೇರಿ ರೌಟರ್‌ನ ಕಾನ್ಫಿಗರೇಶನ್. ನಾವು ಆಡುಮಾತಿನಲ್ಲಿ ಸೆಟ್ಟಿಂಗ್ ಎನ್ನುವುದು ಅದನ್ನೇ.

ಅದರಲ್ಲಿ ಮುಖ್ಯವಾದದ್ದು ನೆಟ್ ಕಂಪನಿ ನಿಮಗೆ ಕೊಟ್ಟ ಯೂಸರ್ ನೇಮ್ ಮತ್ತು ಪಾಸ್‌ವರ್ಡ್. ಬಹಳಷ್ಟು ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಲ್ಲಿ ಪಿಪಿಪಿಒಇ ಎಂಬ ಪದ್ಧತಿ ಇದೆ. ರೌಟರ್ ಆನ್ ಆದ ಕೂಡಲೇ ಕಂಪನಿಯ ಕಂಪ್ಯೂಟರ್‌ಗೆ ಈ ಹೆಸರು, ಪಾಸ್‌ವರ್ಡ್ ಒಪ್ಪಿಸಬೇಕು. ಸರಿ ಇದ್ದರೆ ಮಾತ್ರ ಅಲ್ಲಿಂದ ನೆಟ್ ಬಿಡುತ್ತಾರೆ. ಫೈಬರ್ ಕನೆಕ್ಷನ್ ಆದರೆ ಇದರ ಜೊತೆ ವಿಲ್ಯಾನ್ ಎಂಬ ಒಂದು ಸಂಖ್ಯೆಯೂ ಇರುತ್ತದೆ. ಒಂದೇ ಎಳೆಯಲ್ಲಿ ಇಂಟರ್ನೆಟ್, ಫೋನ್, ಟಿವಿ ಮೂರೂ ಬರುವಾಗ ಯಾವುದು ಯಾವುದರ ಪಾಲು ಎಂದು ಬೇರ್ಪಡಿಸುವ ಗುರುತು ಅದು. ಇವೆರಡರಲ್ಲಿ ಒಂದಕ್ಷರ ತಪ್ಪಿದರೂ ದೀಪಗಳೆಲ್ಲ ಚೆನ್ನಾಗಿಯೇ ಉರಿಯುತ್ತವೆ, ನೆಟ್ ಮಾತ್ರ ಬರುವುದಿಲ್ಲ.

ಪಿನ್ ಚುಚ್ಚಿದಾಗ ಅಳಿಸಿಹೋಗುವುದು ಇವೇ. ರೌಟರ್ ಪೆಟ್ಟಿಗೆಯಿಂದ ತೆಗೆದ ದಿನದ ಸ್ಥಿತಿಗೆ ಹೋಗುತ್ತದೆ. ಕೆಲವು ಕಂಪನಿಗಳ ಸಾಧನಗಳು ರೀಸೆಟ್ ಆದ ಮೇಲೂ ಕಂಪನಿಯ ಕಂಪ್ಯೂಟರ್‌ನಿಂದ ತಾವಾಗಿಯೇ ಸೆಟ್ಟಿಂಗ್ ಇಳಿಸಿಕೊಳ್ಳುತ್ತವೆ. ಅಂಥವರಿಗೆ ಏನೂ ಆಗದೆ, "ನಾನೂ ಮಾಡಿದೆ, ಚೆನ್ನಾಗಿದೆ" ಎಂದು ಗುಂಪಿನಲ್ಲಿ ಹಾಕುತ್ತಾರೆ. ಅವರನ್ನು ನಂಬಿ ಪಿನ್ ಹಿಡಿದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ

ಈ ಫಾರ್ವರ್ಡ್ ಹುಟ್ಟಿದ್ದೇ ಈ ಎರಡು ಪದಗಳ ಗೊಂದಲದಿಂದ ಇರಬೇಕು ಎಂಬುದು ನಮ್ಮ ಊಹೆ.

ರೌಟರ್‌ನಲ್ಲಿ ಎರಡು ಬಗೆಯ ನೆನಪಿದೆ. ಒಂದು ಸ್ಲೇಟಿನ ಹಾಗೆ, ಕರೆಂಟ್ ಇರುವಷ್ಟು ಹೊತ್ತು ಮಾತ್ರ ಉಳಿಯುತ್ತದೆ. ಇನ್ನೊಂದು ನೋಟ್‌ಬುಕ್ಕಿನ ಹಾಗೆ, ಕರೆಂಟ್ ಹೋದರೂ ಬರೆದದ್ದು ಅಳಿಯುವುದಿಲ್ಲ. ಸ್ವಿಚ್ ಆರಿಸಿ ಹಾಕಿದಾಗ, ಅಂದರೆ ರೀಸ್ಟಾರ್ಟ್ ಮಾಡಿದಾಗ, ಸ್ಲೇಟು ಮಾತ್ರ ಒರೆಸಿಹೋಗುತ್ತದೆ. ನೋಟ್‌ಬುಕ್ಕಿನಿಂದ ಓದಿಕೊಂಡು ರೌಟರ್ ಮತ್ತೆ ಕೆಲಸ ಶುರು ಮಾಡುತ್ತದೆ. ಪಿನ್ ಚುಚ್ಚುವ ರೀಸೆಟ್ ಹಾಗಲ್ಲ, ಅದು ನೋಟ್‌ಬುಕ್ಕನ್ನೇ ಹರಿದುಹಾಕುತ್ತದೆ.

ರೀಸ್ಟಾರ್ಟ್‌ನಿಂದ ನೆಟ್ ಸುಧಾರಿಸುವುದು ಸುಳ್ಳಲ್ಲ. ವಾರಗಟ್ಟಲೆ ಓಡಿದ ಅಗ್ಗದ ರೌಟರ್‌ನ ಮೆಮೊರಿಯಲ್ಲಿ ಬೇಡದ್ದು ತುಂಬಿಕೊಂಡಿರುತ್ತದೆ, ಅದು ಖಾಲಿಯಾಗುತ್ತದೆ. ಅಕ್ಕಪಕ್ಕದ ಮನೆಗಳ ವೈ-ಫೈ ಯಾವ ಚಾನೆಲ್‌ನಲ್ಲಿದೆ ಎಂದು ನೋಡಿ ಖಾಲಿ ಇರುವ ಚಾನೆಲ್ ಆರಿಸಿಕೊಳ್ಳುವ ಕೆಲಸವನ್ನು ಬಹಳಷ್ಟು ರೌಟರ್‌ಗಳು ಆನ್ ಆಗುವಾಗಲೇ ಮಾಡುತ್ತವೆ. ನೆಟ್ ನಿಧಾನವಾದರೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಅಷ್ಟು ಸಾಕು.

ಇದೇ ಸ್ಲೇಟು-ನೋಟ್‌ಬುಕ್ ವ್ಯತ್ಯಾಸ ದೊಡ್ಡ ಕಚೇರಿಗಳ ಸ್ವಿಚ್, ರೌಟರ್‌ಗಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಎಂಜಿನಿಯರ್ ಒಂದು ಆದೇಶ ಕೊಟ್ಟ ತಕ್ಷಣ ಅದು ಜಾರಿಗೆ ಬರುತ್ತದೆ, ಆದರೆ ಬರೆದಿರುವುದು ಸ್ಲೇಟಿನ ಮೇಲೆ. ಉಳಿಸು ಎಂದು ಬೇರೆಯಾಗಿ ಹೇಳದಿದ್ದರೆ ನೋಟ್‌ಬುಕ್ಕಿಗೆ ಇಳಿಯುವುದೇ ಇಲ್ಲ. ಮರೆತು ಮನೆಗೆ ಹೋದರೆ, ಎಂಟು ತಿಂಗಳ ಮೇಲೆ ಒಂದು ದಿನ ಯುಪಿಎಸ್ ಕೈಕೊಟ್ಟು ಸಾಧನ ಆರಿ ಹತ್ತಿದಾಗ ಹಳೆಯ ಸೆಟ್ಟಿಂಗ್ ಎದ್ದು ಕೂರುತ್ತದೆ. ನಿನ್ನೆಯವರೆಗೆ ಸರಿ ಇತ್ತಲ್ಲ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಈ ಕೆಲಸದಲ್ಲಿರುವವರನ್ನು ಕೇಳಿ ನೋಡಿ, ಒಮ್ಮೆಯಾದರೂ ಹೀಗಾಗದವರು ಸಿಗುವುದು ಕಷ್ಟ.

ಹಾಗಾದರೆ ವೈರಸ್ ವಿಷಯ?

ಫಾರ್ವರ್ಡ್‌ನ ಈ ಭಾಗವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ. ರೌಟರ್‌ಗೂ ವೈರಸ್‌ನಂಥ ಕೆಟ್ಟ ತಂತ್ರಾಂಶ ಹತ್ತುತ್ತದೆ. ಅದು ನಮ್ಮ ರಾಜ್ಯದಲ್ಲೇ ದೊಡ್ಡದಾಗಿ ನಡೆದಿದೆ.

2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಕೆಲಸ ನಿಲ್ಲಿಸಿದವು. ಸಂಸ್ಥೆ ವಿಚಾರಿಸಿದಾಗ ಕಂಡದ್ದು ಮಾಲ್‌ವೇರ್ ದಾಳಿ. ಸಂಸ್ಥೆಯ ಮುಖ್ಯ ಜಾಲಕ್ಕೆ ಏನೂ ಆಗಿರಲಿಲ್ಲ. ಸಿಕ್ಕಿಬಿದ್ದದ್ದು ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡ್ ಬದಲಾಯಿಸದೆ ಹಾಗೇ ಬಿಟ್ಟಿದ್ದ ಮೋಡೆಮ್‌ಗಳು. ತೊಂದರೆಗೆ ಸಿಕ್ಕ ಮೋಡೆಮ್‌ಗಳು ಸುಮಾರು 2,000 ಎಂದು ಸಂಸ್ಥೆಯ ಮುಖ್ಯಸ್ಥರು ಆಗ ಹೇಳಿದರು, ಸುದ್ದಿಗಳಲ್ಲಿ 60,000 ಎಂಬ ಲೆಕ್ಕವೂ ಬಂತು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಗ್ರಾಹಕರಿಗೆ ಸೂಚನೆ ಹೊರಟಿತು.

ಆಮೇಲೆ ಇದರ ಹೊಣೆ ಹೊತ್ತವನು 'ಬ್ರಿಕರ್‌ಬಾಟ್' ಎಂಬ ತಂತ್ರಾಂಶ ಬರೆದವನು. ಅದರ ಕೆಲಸ ಹೆಸರಿಗೆ ತಕ್ಕ ಹಾಗೆ, ಸಾಧನವನ್ನು ಇಟ್ಟಿಗೆಯಂತೆ ನಿರುಪಯುಕ್ತ ಮಾಡುವುದು. ಒಳಗೆ ಹೊಕ್ಕು ಸೆಟ್ಟಿಂಗ್ ಅಳಿಸಿಹಾಕುತ್ತದೆ. ಅವನ ವಾದ ವಿಚಿತ್ರವಾಗಿತ್ತು: ಇಂಥ ಬೀಗವಿಲ್ಲದ ಮೋಡೆಮ್‌ಗಳನ್ನು ಇವತ್ತಲ್ಲ ನಾಳೆ ಕಳ್ಳರು ಹಿಡಿದು ಬೇರೆಯವರ ಮೇಲೆ ದಾಳಿಗೆ ಬಳಸುತ್ತಾರೆ, ಅದಕ್ಕೆ ಮೊದಲೇ ನಾನು ಕೆಡಿಸಿದೆ. ವಾದ ಒಪ್ಪುವಂಥದ್ದಲ್ಲ. ಆದರೆ ಕಳ್ಳರ ವಿಷಯದಲ್ಲಿ ಅವನು ಹೇಳಿದ್ದರಲ್ಲಿ ಹುರುಳಿತ್ತು. ಅದರ ಹಿಂದಿನ ವರ್ಷವೇ, 2016ರಲ್ಲಿ, 'ಮಿರಾಯ್' ಎಂಬ ತಂತ್ರಾಂಶ ಅರವತ್ತು ಚಿಲ್ಲರೆ ಕಾರ್ಖಾನೆ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳ ಒಳಹೊಕ್ಕಿತ್ತು. ಅಡ್ಮಿನ್-ಅಡ್ಮಿನ್, ರೂಟ್-12345, ಹೀಗೆ ಒಂದೊಂದೇ ಒತ್ತಿ ನೋಡುವುದು, ತೆರೆದರೆ ನುಗ್ಗುವುದು. ಆ ಸೇನೆಯನ್ನು ಬಳಸಿ 2016ರ ಅಕ್ಟೋಬರ್ 21ರಂದು ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೇ ಹಲವರಿಗೆ ತೆರೆಯದೆ ಹೋದವು. ಮುಂದಿನ ತಿಂಗಳು ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ನೆಟ್ ಕಡಿದುಹೋಯಿತು. ಕಂಪನಿಯವರು ದೂರದಿಂದಲೇ ರೌಟರ್ ಸರಿಪಡಿಸಲೆಂದು ಇಡುವ ಒಂದು ದಾರಿಯನ್ನು ದಾಳಿಕೋರರು ಹಿಡಿದಿದ್ದರು.

ಈಗ ಪಿನ್ನಿಗೆ ವಾಪಸ್ ಬರೋಣ. ಮಿರಾಯ್ ಕೂರುವುದು ಸ್ಲೇಟಿನ ಮೇಲೆ, ಆದ್ದರಿಂದ ರೀಸ್ಟಾರ್ಟ್ ಮಾಡಿದರೇ ಅಳಿಯುತ್ತದೆ. 2018ರ ಮೇ ತಿಂಗಳಲ್ಲಿ 'ವಿಪಿಎನ್‌ಫಿಲ್ಟರ್' ಎಂಬ ಇನ್ನೊಂದು ಪಿಡುಗು ಹರಡಿದಾಗ ಎಲ್ಲರೂ ರೌಟರ್ ಒಮ್ಮೆ ಆರಿಸಿ ಹಾಕಿ ಎಂದು ಅಮೆರಿಕದ ಎಫ್‌ಬಿಐ ಸಾರ್ವಜನಿಕರನ್ನೇ ಕೇಳಿಕೊಂಡಿತ್ತು. ಅದರ ಒಂದು ಭಾಗ ನೋಟ್‌ಬುಕ್ಕಿನಲ್ಲೂ ಉಳಿಯುತ್ತಿದ್ದರಿಂದ ಪೂರ್ತಿ ಹೋಗಲು ರೀಸೆಟ್ ಬೇಕಿತ್ತು. ಅಂದರೆ ಪಿನ್ ಚುಚ್ಚಬೇಕಾದ ಸಂದರ್ಭ ನಿಜವಾಗಿ ಇದೆ. ಆದರೆ ಫಾರ್ವರ್ಡ್ ಹೇಳದ ಮಾತೊಂದಿದೆ. ರೀಸೆಟ್ ಆದ ರೌಟರ್‌ಗೆ ವಾಪಸ್ ಬರುವುದು ಅದೇ ಕಾರ್ಖಾನೆ ಪಾಸ್‌ವರ್ಡ್. ಬದಲಾಯಿಸದೆ ನೆಟ್‌ಗೆ ಜೋಡಿಸಿದರೆ, ಹೊರಗೆ ಹೋದ ಪಿಡುಗು ಕೆಲವೇ ನಿಮಿಷಗಳಲ್ಲಿ ಮತ್ತೆ ಒಳಗೆ ಬರಬಹುದು. ತಿಂಗಳಿಗೊಮ್ಮೆ ಪಿನ್ ಚುಚ್ಚುವವರು ತಿಂಗಳಿಗೊಮ್ಮೆ ಬೀಗ ತೆಗೆದಿಡುತ್ತಾರೆ.

ಪಾಸ್‌ವರ್ಡ್ ಒಂದಲ್ಲ, ಎರಡು

"ನಮ್ ವೈ-ಫೈಗೆ ಪಾಸ್‌ವರ್ಡ್ ಇದೆ ಸಾರ್, ಮೊಮ್ಮಗನ ಹೆಸರೇ ಇಟ್ಟಿದೀನಿ" ಎಂದು ಹೇಳುವವರಿಗೆಲ್ಲ ನಾವು ಕೇಳುವ ಎರಡನೆಯ ಪ್ರಶ್ನೆ: ರೌಟರ್‌ನ ಪಾಸ್‌ವರ್ಡ್ ಏನಿಟ್ಟಿದ್ದೀರಿ? ಹೆಚ್ಚಿನ ಸಲ ಉತ್ತರ ಬರುವುದಿಲ್ಲ.

ವೈ-ಫೈ ಪಾಸ್‌ವರ್ಡ್ ಎನ್ನುವುದು ಜಗುಲಿ ಹತ್ತುವ ಬಾಗಿಲಿನ ಕೀಲಿ. ಅದು ಗೊತ್ತಿದ್ದವರು ನಿಮ್ಮ ನೆಟ್ ಬಳಸಬಹುದು. ಅಡ್ಮಿನ್ ಪಾಸ್‌ವರ್ಡ್ ಬೀರುವಿನ ಕೀಲಿ, ಅದು ಸಿಕ್ಕವರು ಸೆಟ್ಟಿಂಗ್ ಬದಲಾಯಿಸಬಹುದು. ಫೋನಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಒತ್ತಿದರೆ ಕೇಳುವುದು ಈ ಎರಡನೆಯದನ್ನು. (ಈ ಸಂಖ್ಯೆ ಒತ್ತಿದರೆ ಫೋನ್ ಹ್ಯಾಕ್ ಆಗುತ್ತದೆ ಎಂದೂ ಕೆಲವರು ಹೆದರುತ್ತಾರೆ. ಆಗುವುದಿಲ್ಲ. ಅದು ಮನೆಯೊಳಗಿನ ವಿಳಾಸ, ಬೆಳ್ಳಾವಿಯ ಮನೆಯಲ್ಲೂ ಬೆಂಗಳೂರಿನ ಫ್ಲ್ಯಾಟಿನಲ್ಲೂ ಅದೇ ಸಂಖ್ಯೆ ಇರಬಹುದು, ಹೊರಗಿನ ಇಂಟರ್ನೆಟ್‌ನಲ್ಲಿ ಅದಕ್ಕೆ ಅರ್ಥವಿಲ್ಲ.)

ಬೀರುವಿನ ಕೀಲಿ ಕಳ್ಳರ ಕೈಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ನೋಡಬೇಕು. 2011ರ ಸುಮಾರಿಗೆ ಅಲ್ಲಿ 45 ಲಕ್ಷ ಮನೆ ಮೋಡೆಮ್‌ಗಳಲ್ಲಿ ಒಂದೇ ಒಂದು ಸೆಟ್ಟಿಂಗ್ ಗುಟ್ಟಾಗಿ ಬದಲಾಯಿತು. ಡಿಎನ್‌ಎಸ್ ಎಂಬ ಸೆಟ್ಟಿಂಗ್ ಅದು. ನೀವು ಬ್ಯಾಂಕಿನ ವೆಬ್‌ಸೈಟ್ ಹೆಸರು ಒತ್ತಿದಾಗ, ಆ ಹೆಸರಿನ ಕಂಪ್ಯೂಟರ್ ಯಾವ ವಿಳಾಸದಲ್ಲಿದೆ ಎಂದು ನಿಮ್ಮ ಫೋನ್ ಯಾರನ್ನಾದರೂ ಕೇಳಬೇಕಲ್ಲ? ಯಾರನ್ನು ಕೇಳಬೇಕು ಎಂದು ಹೇಳುವುದೇ ಡಿಎನ್‌ಎಸ್ ಸೆಟ್ಟಿಂಗ್. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬ್ಯಾಂಕಿಗೆ ದಾರಿ ಕೇಳಿದರೆ, ಕಳ್ಳನ ಕಡೆಯವನೇ ನಿಂತು ತನ್ನ ಅಂಗಡಿಗೆ ಕಳಿಸಿದ ಹಾಗೆ. ಅಲ್ಲಿ ಹಾಗೇ ಆಯಿತು. ಜನ ಸರಿಯಾದ ಹೆಸರನ್ನೇ ಒತ್ತಿದರು, ತೆರೆದದ್ದು ನಕಲಿ ಪುಟ. ಅವರ ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ಆಂಟಿವೈರಸ್ ಹಾಕಿ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ, ಏಕೆಂದರೆ ರೋಗ ಇದ್ದದ್ದು ಮೂಲೆಯ ಮೋಡೆಮ್‌ನಲ್ಲಿ. ಇವತ್ತು ಬ್ಯಾಂಕಿನ ಪುಟಗಳಿಗೆ ಬ್ರೌಸರ್ ಬೀಗದ ಗುರುತು ಪರೀಕ್ಷಿಸುವುದರಿಂದ ಈ ಮೋಸ ಅಷ್ಟು ಸುಲಭವಲ್ಲ. ಈ ಸೈಟ್ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದರೂ "ಪರವಾಗಿಲ್ಲ, ಮುಂದುವರಿ" ಎಂದು ಒತ್ತುವವರಿಗೆ ಮಾತ್ರ ಯಾರೂ ಏನೂ ಮಾಡಲಾಗದು.

ಜಗುಲಿಯ ಕೀಲಿಯೂ ಹಗುರವಾದದ್ದಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದಾಗ ಸುದ್ದಿ ಸಂಸ್ಥೆಗಳಿಗೆ ಒಂದು ಇ-ಮೇಲ್ ಬಂದಿತ್ತು. ಅದು ಹೊರಟ ಐಪಿ ವಿಳಾಸ ಹಿಡಿದು ತನಿಖೆಯವರು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಅಲ್ಲಿದ್ದ ಅಮೆರಿಕದ ಪ್ರಜೆಗೆ ಆ ಮೇಲ್‌ನ ಸಂಬಂಧವೇ ಇರಲಿಲ್ಲ. ಅವರ ವೈ-ಫೈಗೆ ಭದ್ರ ಬೀಗವಿರಲಿಲ್ಲ, ಯಾರೋ ಹತ್ತಿರದಲ್ಲಿ ಕೂತು ಬಳಸಿದ್ದರು. ನಿಮ್ಮ ಅಂಗಡಿಯ ವೈ-ಫೈ ಪಾಸ್‌ವರ್ಡನ್ನು ಗೋಡೆ ಮೇಲೆ ಅಂಟಿಸಿದ್ದರೆ ಇದನ್ನೊಮ್ಮೆ ನೆನಪಿಸಿಕೊಳ್ಳಿ. ಬಹಳಷ್ಟು ರೌಟರ್‌ಗಳಲ್ಲಿ 'ಗೆಸ್ಟ್' ಎಂಬ ಬೇರೆ ವೈ-ಫೈ ಇಡುವ ಅನುಕೂಲ ಇದೆ. ಗಿರಾಕಿಗೆ ಕೊಡಲೇಬೇಕಿದ್ದರೆ ಅದನ್ನು ಕೊಡಿ, ಬಿಲ್ಲಿಂಗ್ ಕಂಪ್ಯೂಟರ್ ಇರುವ ಜಾಲಕ್ಕೆ ಅವರು ಬರುವುದಿಲ್ಲ. ಗೆಸ್ಟ್‌ನಿಂದ ಹೊರಗೆ ಹೋಗುವುದೂ ನಿಮ್ಮದೇ ಕನೆಕ್ಷನ್ ಎಂಬುದು ನೆನಪಿರಲಿ. ಅದಕ್ಕೂ ಪಾಸ್‌ವರ್ಡ್ ಇರಲಿ, ಆಗಾಗ ಬದಲಾಗುತ್ತಿರಲಿ.

ದೊಡ್ಡವರ ಮನೆಯ ಸೆಟ್ಟಿಂಗ್

2021ರ ಅಕ್ಟೋಬರ್ 4ರ ಸೋಮವಾರ ರಾತ್ರಿ ಒಂಬತ್ತರ ಮೇಲೆ ನಿಮ್ಮ ವಾಟ್ಸ್‌ಆ್ಯಪ್ ನಿಂತದ್ದು ನೆನಪಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲವೂ ಸುಮಾರು ಆರು ಗಂಟೆ ಇರಲಿಲ್ಲ. ಸರ್ಕಾರ ನಿಲ್ಲಿಸಿದೆ, ಹ್ಯಾಕ್ ಆಗಿದೆ, ಈ ಸಂದೇಶ ಹತ್ತು ಜನಕ್ಕೆ ಕಳಿಸದಿದ್ದರೆ ನಿಮ್ಮ ಖಾತೆ ಮುಚ್ಚುತ್ತದೆ, ಇಂಥವು ಓಡಾಡದೆ ಇರುವುದಿಲ್ಲ. ನಡೆದದ್ದು ಸೆಟ್ಟಿಂಗ್ ಎಡವಟ್ಟು. ಕಂಪನಿಯ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಜಾಲದ ನಿರ್ವಹಣೆ ಮಾಡುತ್ತಿದ್ದಾಗ ಕೊಟ್ಟ ಒಂದು ಆದೇಶ ಆ ಜಾಲವನ್ನೇ ಪೂರ್ತಿ ಕಡಿಯಿತು. ಇಂಥ ಆದೇಶವನ್ನು ತಡೆಯಲೆಂದೇ ಒಂದು ತಪಾಸಣಾ ತಂತ್ರಾಂಶ ಇತ್ತು, ಅದರಲ್ಲೇ ದೋಷವಿದ್ದುದರಿಂದ ತಡೆಯಲಿಲ್ಲ. ಜಾಲ ಕಡಿದ ಮೇಲೆ, ಫೇಸ್‌ಬುಕ್ ಎಲ್ಲಿದೆ ಎಂದು ಜಗತ್ತಿಗೆ ಹೇಳುವ ಡಿಎನ್‌ಎಸ್ ಸರ್ವರ್‌ಗಳ ದಾರಿಯೂ ಅಳಿಸಿಹೋಯಿತು. ಸರಿಪಡಿಸಲು ದೂರದಿಂದ ಲಾಗಿನ್ ಆಗೋಣ ಎಂದರೆ ಆ ದಾರಿಯೂ ಅದೇ ಜಾಲದ ಮೇಲಿತ್ತು. ಕೊನೆಗೆ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೆ ಖುದ್ದು ಹೋಗಬೇಕಾಯಿತು. ನಮ್ಮ ಬೆಳ್ಳಾವಿಯ ಓದುಗರು ಕನೆಕ್ಷನ್ ಹುಡುಗನಿಗಾಗಿ ಕಾದ ಹಾಗೆಯೇ, ಸ್ವಲ್ಪ ದುಬಾರಿ ಮಟ್ಟದಲ್ಲಿ.

2008ರ ಫೆಬ್ರವರಿ 24ರಂದು ಪಾಕಿಸ್ತಾನ ತನ್ನ ದೇಶದೊಳಗೆ ಮಾತ್ರ ಯೂಟ್ಯೂಬ್ ತಡೆಯಲು ಹೋಗಿ, ಹಾಕಿದ ಸೆಟ್ಟಿಂಗ್ ಗಡಿ ದಾಟಿ, ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲದ ಹಾಗಾಗಿತ್ತು.

ಇನ್ನೊಂದು ಹಳೆಯ ಫಾರ್ವರ್ಡ್ ಕೂಡ ಇದೇ ಜಾತಿಯದು. 2018ರ ಅಕ್ಟೋಬರ್‌ನಲ್ಲಿ "ಮುಂದಿನ 48 ಗಂಟೆ ಜಗತ್ತಿನಾದ್ಯಂತ ಇಂಟರ್ನೆಟ್ ಬಂದ್" ಎಂಬ ಸುದ್ದಿ ಪತ್ರಿಕೆ, ಟಿವಿಗಳಲ್ಲೂ ಬಂತು. ಎಟಿಎಂನಿಂದ ಹಣ ತೆಗೆದಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟವರೂ ಇದ್ದರು. ಅದರ ಹಿಂದಿನ ಸತ್ಯ ಇಷ್ಟು: ಡಿಎನ್‌ಎಸ್ ವ್ಯವಸ್ಥೆಯ ಮೂಲ ಬೀಗದ ಕೀಲಿಯನ್ನು ಐಕಾನ್ ಎಂಬ ಸಂಸ್ಥೆ ಮೊದಲ ಬಾರಿಗೆ ಬದಲಾಯಿಸುತ್ತಿತ್ತು. ಹೊಸ ಕೀಲಿಯನ್ನು ಜಗತ್ತಿನ ನೆಟ್ ಕಂಪನಿಗಳು ತಮ್ಮ ಸರ್ವರ್‌ಗಳ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡಿರಬೇಕಿತ್ತು. ಸೇರಿಸಿಕೊಳ್ಳದ ಕೆಲವರ ಗ್ರಾಹಕರಿಗೆ ತೊಂದರೆ ಆಗಬಹುದು ಎಂದಷ್ಟೇ ಐಕಾನ್ ಹೇಳಿತ್ತು. ಅಕ್ಟೋಬರ್ 11ರ ರಾತ್ರಿ ನಮ್ಮ ಸಮಯ ಒಂಬತ್ತೂವರೆಗೆ ಕೀಲಿ ಬದಲಾಯಿತು. ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ.

ಕಸುಬಿನವರು ಹೇಗೆ ಮಾಡುತ್ತಾರೆ?

ಒಂದು ಬ್ಯಾಂಕಿನಲ್ಲೋ ನೆಟ್ ಕಂಪನಿಯಲ್ಲೋ ಸಾವಿರಾರು ಸಾಧನಗಳಿರುತ್ತವೆ. ಒಂದೊಂದರ ಸೆಟ್ಟಿಂಗ್ ಸಾವಿರಾರು ಸಾಲು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಕ್ಕಾಗುವುದಿಲ್ಲ. ಹಾಗಾಗಿ ಪ್ರತಿ ಸಾಧನದ ಸೆಟ್ಟಿಂಗನ್ನು ದಿನಾ ನಕಲು ತೆಗೆದು ನಿನ್ನೆಯದರ ಜೊತೆ ಹೋಲಿಸುವ ತಂತ್ರಾಂಶಗಳಿವೆ. ಒಂದು ಸಾಲು ವ್ಯತ್ಯಾಸ ಬಂದರೂ ಅದು ಮೇಲ್ ಕಳಿಸುತ್ತದೆ: ಇಂಥ ಸಾಧನದಲ್ಲಿ ಇಂಥ ಸಾಲು ಬದಲಾಗಿದೆ. ಪಂಚಾಯಿತಿ ಕಚೇರಿಯ ನಡಾವಳಿ ಪುಸ್ತಕದ ಹಾಗೆ, ಯಾವತ್ತು ಏನಾಯಿತು ಎಂದು ಹಿಂದಕ್ಕೆ ತಿರುವಿ ನೋಡಬಹುದು.

ನಮಗೆ ಬಹಳ ಇಷ್ಟವಾದ ಉಪಾಯ ಒಂದಿದೆ. ದೂರದ ಊರಿನ ರೌಟರ್‌ಗೆ ಇಲ್ಲಿಂದಲೇ ಸೆಟ್ಟಿಂಗ್ ಬದಲಾಯಿಸುವಾಗ ಒಂದು ಭಯ ಇದ್ದೇ ಇರುತ್ತದೆ. ತಪ್ಪು ಮಾಡಿದರೆ ಅಲ್ಲಿಗೆ ಹೋಗುವ ದಾರಿಯೇ ಕಡಿಯುತ್ತದೆ, ಸರಿಪಡಿಸಲು ಬಸ್ ಹತ್ತಬೇಕು. ಅದಕ್ಕೆ ಕೆಲವು ಸಾಧನಗಳಲ್ಲಿ ಹೀಗೆ ಹೇಳಬಹುದು: ಈ ಬದಲಾವಣೆ ಮಾಡು, ಹತ್ತು ನಿಮಿಷದೊಳಗೆ ನಾನು ಮತ್ತೆ ಬಂದು "ಸರಿ" ಎನ್ನದಿದ್ದರೆ ನೀನಾಗಿಯೇ ಹಳೆಯದಕ್ಕೆ ವಾಪಸ್ ಹೋಗು. ದಾರಿ ಕಡಿದರೆ ಎಂಜಿನಿಯರ್ ಕೈಕಟ್ಟಿ ಹತ್ತು ನಿಮಿಷ ಕಾಯುತ್ತಾನೆ, ಅಷ್ಟೇ. ಇಂಥ ಅನುಕೂಲ ಇಲ್ಲದ ಸಾಧನಗಳಲ್ಲಿ ಹಳಬರು ಇನ್ನೊಂದು ಜಾಣತನ ಮಾಡುತ್ತಾರೆ. ಹತ್ತು ನಿಮಿಷದ ಮೇಲೆ ರೀಸ್ಟಾರ್ಟ್ ಆಗು ಎಂದು ಮೊದಲೇ ಹೇಳಿಟ್ಟು ಕೆಲಸ ಶುರು ಮಾಡುತ್ತಾರೆ. ಎಡವಟ್ಟಾದರೆ ಸ್ಲೇಟು ಒರೆಸಿಹೋಗಿ ನೋಟ್‌ಬುಕ್ಕಿನ ಹಳೆಯ ಪಾಠ ಬರುತ್ತದೆ. ಉಳಿಸುವುದನ್ನು ಮರೆಯುವುದೇ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಹಳ್ಳಿಗಳಿಗೂ ಈಗ ಇದು ದೂರದ ಮಾತಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಕೇಂದ್ರದ ಯೋಜನೆ 2011ರಲ್ಲಿ ಶುರುವಾಗಿ ಈಗ ಭಾರತ್‌ನೆಟ್ ಎಂಬ ಹೆಸರಿನಲ್ಲಿದೆ. ಪಂಚಾಯಿತಿ ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆಯಿಂದ ಬರುವ ಎಳೆಯ ಇನ್ನೊಂದು ತುದಿಯಲ್ಲಿ ದೊಡ್ಡ ಸಾಧನವೊಂದಿದೆ. ಗೋಡೆಯ ಪೆಟ್ಟಿಗೆ ಯಾವುದು, ಅದಕ್ಕೆ ಎಷ್ಟು ವೇಗ ಬಿಡಬೇಕು ಎಂಬ ಸೆಟ್ಟಿಂಗ್ ಅಲ್ಲಿರುತ್ತದೆ. ಪಂಚಾಯಿತಿಯವರು ತಮ್ಮ ಪೆಟ್ಟಿಗೆಗೆ ಎಷ್ಟು ಸಲ ಪಿನ್ ಚುಚ್ಚಿದರೂ ಆ ತುದಿಯ ಲೆಕ್ಕ ಬದಲಾಗುವುದಿಲ್ಲ.

ನಿಮ್ಮ ಮನೆ, ಅಂಗಡಿಯಲ್ಲಿ

ಮೊದಲು ದೀಪ ನೋಡಿ. ಫೈಬರ್ ಪೆಟ್ಟಿಗೆಯಲ್ಲಿ 'ಲಾಸ್' ಎಂಬ ದೀಪ ಕೆಂಪಾಗಿ ಮಿಟುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಎಲ್ಲೋ ಜೆಸಿಬಿಯವರು ಎಳೆ ಕಡಿದಿದ್ದಾರೆ ಅಥವಾ ನಿಮ್ಮ ಮೇಜಿನ ಹಿಂದೆಯೇ ಹಳದಿ ವೈರು ಮಡಚಿಕೊಂಡಿದೆ. ಆಗ ಯಾವ ಸೆಟ್ಟಿಂಗ್ ಮುಟ್ಟಿದರೂ ಪ್ರಯೋಜನವಿಲ್ಲ, ಕಂಪನಿಗೆ ಫೋನ್ ಮಾಡಿ.

ನೆಟ್ ಚೆನ್ನಾಗಿರುವ ದಿನವೇ ಒಂದು ಕೆಲಸ ಮಾಡಿಡಿ. ಕನೆಕ್ಷನ್ ಹುಡುಗನನ್ನು ಕೇಳಿ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಬರೆಸಿಕೊಳ್ಳಿ. ಕಾಗದದ ಮೇಲೆ ಬರೆದು ಬಿಲ್ಲುಗಳ ಜೊತೆ ಇಡಿ. ಕೊಡಲ್ಲ ಎಂದರೆ ಯಾಕೆ ಎಂದು ಕೇಳಿ, ದುಡ್ಡು ಕಟ್ಟುವವರು ನೀವು. ರೌಟರ್ ಅಡಿಯ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಬಹುದು, ಆದರೆ ಅದನ್ನು ಯಾವ ಗುಂಪಿಗೂ ಹಾಕಬೇಡಿ, ಪಾಸ್‌ವರ್ಡ್ ಅದರ ಮೇಲೇ ಇರುತ್ತದೆ. ಅಡ್ಮಿನ್ ಪುಟದಲ್ಲಿ 'ಬ್ಯಾಕಪ್' ಎಂಬ ಗುಂಡಿ ಇದ್ದರೆ ಒತ್ತಿ. ಇಡೀ ನೋಟ್‌ಬುಕ್ಕಿನ ನಕಲು ಒಂದು ಸಣ್ಣ ಫೈಲ್ ಆಗಿ ಇಳಿಯುತ್ತದೆ. ಮುಂದೆ ಪಿನ್ ಚುಚ್ಚಬೇಕಾಗಿ ಬಂದರೂ ಅದೇ ಫೈಲನ್ನು 'ರೀಸ್ಟೋರ್' ಮಾಡಿದರೆ ಎರಡು ನಿಮಿಷದಲ್ಲಿ ಎಲ್ಲ ವಾಪಸ್.

ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈ-ಫೈ ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಇಪಿ ಎಂದು ಕಂಡರೆ ಅದು 2001ರಲ್ಲೇ ಮುರಿದ ಬೀಗ. 'ರಿಮೋಟ್ ಮ್ಯಾನೇಜ್‌ಮೆಂಟ್' ಆನ್ ಆಗಿದ್ದರೆ ಕಂಪನಿಯವರನ್ನು ಒಮ್ಮೆ ಕೇಳಿ ಆರಿಸಿ. ಡಬ್ಲ್ಯುಪಿಎಸ್ ಎಂಬುದನ್ನೂ ಆರಿಸಿಬಿಡಿ. ಇದು ಪಾಸ್‌ವರ್ಡ್ ಬದಲು ಎಂಟಂಕಿಯ ಪಿನ್ ಸಂಖ್ಯೆಯಿಂದ ಜೋಡಿಸುವ ವ್ಯವಸ್ಥೆ. ಎಂಟಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಅಂದುಕೊಳ್ಳುತ್ತೇವೆ. ಆದರೆ ರೌಟರ್ ಮೊದಲ ನಾಲ್ಕು ಅಂಕಿ ಸರಿಯೇ ಎಂದು ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದಲೇ ಸಿಗುತ್ತದೆ. ಹತ್ತು ಸಾವಿರಕ್ಕೆ ಒಂದು ಸಾವಿರ ಕೂಡಿಸಿ, 11,000 ಸಲ ಒತ್ತಿ ನೋಡಿದರೆ ಸಾಕು ಎಂದು 2011ರಲ್ಲೇ ಬಯಲಾಗಿದೆ. ಕಂಪ್ಯೂಟರ್‌ಗೆ ಅದು ಕೆಲವು ಗಂಟೆಗಳ ಕೆಲಸ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ, ನೆಟ್ ಬರುತ್ತಿದೆಯೇ ನೋಡಿ, ಆಮೇಲೆ ಮುಂದಿನದು. ಮತ್ತು 'ವ್ಯಾನ್' ಎಂದು ಬರೆದಿರುವ ಪುಟವನ್ನು ಬರೆದಿಟ್ಟುಕೊಳ್ಳದೆ ಮುಟ್ಟಬೇಡಿ. ಕಂಪನಿಯ ಹೆಸರು, ಪಾಸ್‌ವರ್ಡ್ ಇರುವುದು ಅಲ್ಲೇ.

"ನಿಮ್ಮ ರೌಟರ್ ಹ್ಯಾಕ್ ಆಗಿದೆ, ಸರಿಪಡಿಸಲು ಈ ಆ್ಯಪ್ ಹಾಕಿಕೊಳ್ಳಿ" ಎಂದು ಫೋನ್ ಬಂದರೆ ಕಟ್ ಮಾಡಿ. ಹಾಗೆ ಆ್ಯಪ್ ಹಾಕಿಕೊಂಡು ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಇನ್ನು ರೌಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಡುವ ಫಾರ್ವರ್ಡ್. ಹಾಳೆ ಸಿಗ್ನಲ್ಲನ್ನು ಒಂದು ಕಡೆಗೆ ತಿರುಗಿಸಬಲ್ಲದು ಎಂಬುದು ನಿಜ, ಅದರ ಹಿಂದಿನ ಕೋಣೆಗೆ ಅಷ್ಟೇ ಕಡಿಮೆಯಾಗುತ್ತದೆ. ಕಂಪನಿಯಿಂದ ಬರುವ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟ ರೌಟರನ್ನು ಹೊರಗೆ ತಂದು ಎತ್ತರದಲ್ಲಿ ಇಡುವುದು ಅದಕ್ಕಿಂತ ಮೇಲು.

ಬೆಳ್ಳಾವಿಯ ಓದುಗರು ಆಮೇಲೆ ಒಂದು ಫೋಟೊ ಕಳಿಸಿದರು. ಅಂಗಡಿಯ ಗೋಡೆಯ ಕ್ಯಾಲೆಂಡರ್, ಅದರ ಹಾಳೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ. ಚೆನ್ನಾಗಿದೆ, ಆದರೆ ತಿಂಗಳು ಮುಗಿದ ಮೇಲೆ ಆ ಹಾಳೆ ಹರಿಯಬೇಡಿ, ಈ ಫೋಟೊ ನಮಗೂ ಕಳಿಸಬೇಡಿ ಎಂದು ಉತ್ತರಿಸಿ ಅಳಿಸಿದೆವು.